ಸುಮ್ಮನಿರು ಎಂದದ್ದು ನನ್ನ ತಪ್ಪು

ನನ್ನ ಮೊಮ್ಮಗಳು ಎಡಗೈಯಲ್ಲಿ ಬರೆಯುತ್ತಾಳೆ. ನೋಡಿದವರೆಲ್ಲ, "ಕೂಸು ಎಡಚಿ ಏನ್ರೀ ಅಕ್ಕಾರ?" ಎಂದು ಕೇಳುತ್ತಾರೆ. ಎಡಚಿಯಲ್ಲ. ಅವಳ ಬಲ ಮುಂಗೈಯ ಮೇಲೆ ಹಳೆಯ ಎಂಟಾಣೆಯಷ್ಟಗಲದ ಒಂದು ಕಲೆ ಇದೆ. ಅಲ್ಲಿ ಚರ್ಮ ಎಳೆದುಕೊಂಡು ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಪೆನ್ಸಿಲ್ ಹಿಡಿದರೆ ಜಾರುತ್ತದೆ. ಮೂವತ್ತು ವರ್ಷ ಊರವರ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ ನನಗೆ ನನ್ನ ಮೊಮ್ಮಗಳ ಬಲಗೈ ಹಿಡಿದು ತಿದ್ದಿಸುವ ಭಾಗ್ಯ ಸಿಗಲಿಲ್ಲ.

ಆ ಕಲೆ ಹುಟ್ಟುವಾಗ ಬಂದದ್ದಲ್ಲ. ಹುಟ್ಟಿದ ಒಂಬತ್ತನೆಯ ರಾತ್ರಿ, ಆಸ್ಪತ್ರೆಯಲ್ಲಿ ಬಂದದ್ದು. ಅದನ್ನು ತಡೆಯಬಹುದಾಗಿತ್ತು. ತಡೆಯದವರಲ್ಲಿ ನಾನೂ ಒಬ್ಬಳು. ಅದಕ್ಕೇ ಈ ಬರಹ.

2019ರ ಆಗಸ್ಟ್ ತಿಂಗಳನ್ನು ಗೋಕಾಕದವರು ಯಾರೂ ಮರೆಯುವಂತಿಲ್ಲ. ಘಟಪ್ರಭೆ ಊರೊಳಗೇ ಬಂದಿದ್ದಳು. ಪೇಟೆಯ ಅಂಗಡಿಗಳಲ್ಲಿ ನೀರು, ಲೋಳಸೂರ ಸೇತುವೆಯ ಮೇಲೂ ನೀರು. ಚೊಚ್ಚಲ ಬಾಣಂತನಕ್ಕೆಂದು ಮೂಡಲಗಿಯ ಗಂಡನ ಮನೆಯಿಂದ ತವರಿಗೆ ಬಂದಿದ್ದ ನನ್ನ ಮಗಳಿಗೆ ಆ ಗದ್ದಲದಲ್ಲೇ ನೋವು ಕಾಣಿಸಿಕೊಂಡಿತು. ದಿನ ತುಂಬಿರಲಿಲ್ಲ. 32 ವಾರವಷ್ಟೇ ಆಗಿತ್ತು. ಹುಟ್ಟಿದ ಕೂಸಿನ ತೂಕ 1,400 ಗ್ರಾಂ. ನನ್ನ ಎರಡು ಅಂಗೈಯಲ್ಲಿ ಹಿಡಿಸುತ್ತಿತ್ತು. ಉಸಿರಾಟ ಸರಿ ಇಲ್ಲವೆಂದು ಅಂದೇ ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಂಬುಲೆನ್ಸು ದಾರಿ ಸುತ್ತಿ ಸುತ್ತಿ ಹೋಯಿತು. ಅಳಿಯಂದಿರಿಗೆ ಎರಡು ದಿನ ಬರಲಾಗಲಿಲ್ಲ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ನನ್ನ ಜಗಳ ಒಂದು ಆಸ್ಪತ್ರೆಯ ಜೊತೆಗಲ್ಲ.

"ಕೂಸಿನ್ನ ಕಾಚಿನ ಪೆಟಿಗ್ಯಾಗ ಇಟ್ಟಾರಂತ" ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಹಾಗೆ ಇಟ್ಟರು. ಮರುದಿನ ಗಾಜಿನ ಕಿಟಕಿಯಿಂದ ನೋಡಿದರೆ ಕೂಸಿನ ಹೊಕ್ಕುಳಿನಿಂದ ಒಂದು ಸಣ್ಣ ನಳಿಗೆ ಹೊರಗೆ ಬಂದಿತ್ತು. ನನ್ನ ಎದೆ ಧಸಕ್ಕೆಂದಿತು. ಒಂದು ಕಾಗದದ ಮೇಲೆ ಸಹಿ ಮಾಡಿಸಿಕೊಂಡಿದ್ದರು. ನಾನು ಬಿ.ಎ., ಬಿ.ಎಡ್. ಓದಿದವಳು, ಆ ಕಾಗದವನ್ನು ಓದಲಿಲ್ಲ. ಬೆರಳು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ.

ಆ ನಳಿಗೆ ಏನೆಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಪರಿಚಯದ ಮಕ್ಕಳ ವೈದ್ಯರೊಬ್ಬರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದಾಗ. ಹೊಕ್ಕುಳಬಳ್ಳಿಯಲ್ಲಿ ಒಂದು ಅಭಿಧಮನಿ, ಎರಡು ಅಪಧಮನಿ ಇರುತ್ತವೆ. ಹುಟ್ಟಿದ ಮೊದಲ ಕೆಲವು ದಿನ ಆ ದಾರಿ ಇನ್ನೂ ತೆರೆದಿರುತ್ತದೆ. ಕೈಕಾಲಿನ ನರ ಕಣ್ಣಿಗೇ ಕಾಣದಷ್ಟು ಸಣ್ಣ ಕೂಸಿಗೆ ಆಹಾರ, ಔಷಧ, ರಕ್ತ ಕೊಡಲು ಅದೇ ರಾಜಮಾರ್ಗ. ಒಂದು ಮಿಲಿಮೀಟರಿಗಿಂತ ತುಸು ದಪ್ಪನೆಯ ಮೆತ್ತನೆಯ ನಳಿಗೆಯನ್ನು ಅದರಲ್ಲಿ ತೂರಿಸಿ, ಯಕೃತ್ತನ್ನು ದಾಟಿಸಿ, ಹೃದಯದ ಬಾಗಿಲ ತನಕ ಒಯ್ಯುತ್ತಾರೆ. ಇದಕ್ಕೆ ಕ್ಯಾಥೆಟರ್ ಎನ್ನುತ್ತಾರೆ. ನಮ್ಮ ಕೂಸಿನ ಜೀವ ಉಳಿಸಿದ್ದು ಈ ನಳಿಗೆಯೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನೋದಿ ಯಾರೂ, "ನಳಿಗಿ ಹಾಕಸಬ್ಯಾಡ್ರಿ, ನಮ್ಮ ಕೂಸಿನ್ನ ಮನೀಗೆ ಒಯ್ತೀವಿ" ಎನ್ನಬಾರದು. ಹಾಗೆ ಅಂದರೆ ಅದು ಕೊಲೆಗೆ ಸಮ.

ಆದರೆ ಜೀವ ಉಳಿಸುವ ನಳಿಗೆಗೂ ಅದರದೇ ಅಪಾಯಗಳಿವೆ. ತುದಿ ಎಲ್ಲಿ ನಿಂತಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಹಾಕಿದ ಮೇಲೆ ಎಕ್ಸ್‌ರೇ ತೆಗೆದು ನೋಡಬೇಕು. ಕಡಿಮೆ ಹೋಗಿ ಯಕೃತ್ತಿನಲ್ಲೇ ನಿಂತರೆ ಅಲ್ಲಿ ಗಾಯವಾಗಬಹುದು. ಹೆಚ್ಚು ಹೋಗಿ ಹೃದಯದೊಳಗೆ ನಿಂತರೆ, ಅಪರೂಪಕ್ಕೆ, ಹೃದಯದ ಗೋಡೆ ಸವೆದು ದ್ರವ ಹೃದಯದ ಸುತ್ತ ತುಂಬಿಕೊಂಡು ಜೀವವೇ ಹೋಗಬಹುದು. ಅಪಧಮನಿಯಲ್ಲಿ ಹಾಕಿದ್ದರೆ ರಕ್ತ ಹೆಪ್ಪುಗಟ್ಟಿ ಕಾಲಿಗೆ ಹೋಗುವ ರಕ್ತ ಕಡಿಮೆಯಾಗಿ ಬೆರಳು ಬಿಳುಪೇರುತ್ತವೆ, ಇಲ್ಲವೆ ನೀಲಿಗಟ್ಟುತ್ತವೆ. ಹೊಕ್ಕುಳಿನಲ್ಲಿ ಹಾಕಿದ್ದಕ್ಕೆ ಕಾಲ್ಬೆರಳು ಏಕೆ ನೀಲಿಯಾಗಬೇಕು ಎನ್ನಬೇಡಿ. ಆ ದಾರಿ ಕಾಲಿಗೆ ರಕ್ತ ಒಯ್ಯುವ ದಾರಿಯನ್ನೇ ಕೂಡುತ್ತದೆ. ನಳಿಗೆಯ ಜೋಡಣೆ ಸಡಿಲಾದರೆ ರಕ್ತ ಸೋರುತ್ತದೆ. ಕಿಲೋ ತೂಕಕ್ಕೆ 80-90 ಮಿ.ಲೀ. ಲೆಕ್ಕ ಹಿಡಿದರೆ ನಮ್ಮ ಕೂಸಿನ ಮೈಯಲ್ಲಿದ್ದ ರಕ್ತವೆಲ್ಲ ಸೇರಿ ಸುಮಾರು 120 ಮಿ.ಲೀ. ಒಂದು ಚಹಾ ಗ್ಲಾಸು ತುಂಬಿದರೆ ಮುಗಿಯಿತು! ಇವೆಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ನಂಜು. ನಳಿಗೆ ಇದ್ದಷ್ಟು ದಿನವೂ ಅದು ಹೊರಗಿನ ಕ್ರಿಮಿಗೆ ರಕ್ತದೊಳಗೆ ಹೋಗಲು ತೆರೆದ ಬಾಗಿಲು.

ನಮ್ಮ ಕೂಸಿಗೆ ಹೊಕ್ಕುಳಿನ ನಳಿಗೆಯಿಂದ ಏನೂ ಆಗಲಿಲ್ಲ. ಎಕ್ಸ್‌ರೇ ತೆಗೆದರು, ತುಸು ಹಿಂದಕ್ಕೆ ಎಳೆದರು, ಆರನೆಯ ದಿನ ತೆಗೆದರು. ಕೆಲಸ ಬಲ್ಲವರೇ ಅವರು. ಎಡವಿದ್ದು ಅದರ ಮುಂದಿನ ಸಣ್ಣ ಕೆಲಸದಲ್ಲಿ. ಬಲಗೈಯ ನರಕ್ಕೆ ಸೂಜಿ ನಳಿಗೆ ಹಾಕಿ, ಕೈ ಅಲುಗದಂತೆ ಕೆಳಗೆ ರಟ್ಟಿಟ್ಟು, ಬೆರಳ ತುದಿಯೂ ಕಾಣದ ಹಾಗೆ ಬಿಳಿಯ ಪಟ್ಟಿ ಸುತ್ತಿದರು. ಅದರಲ್ಲಿ ಕ್ಯಾಲ್ಸಿಯಂ ಕೂಡಿಸಿದ ಸಲೈನು ಹನಿಹನಿಯಾಗಿ ಹೋಗುತ್ತಿತ್ತು.

ಒಂಬತ್ತನೆಯ ದಿನ ಸಂಜೆ ಏಳು ಗಂಟೆ. ಕಿಟಕಿಯ ಮುಂದೆ ನಿಂತಿದ್ದ ಮಗಳು ನನ್ನ ಸೆರಗು ಜಗ್ಗಿದಳು. "ಅವ್ವಾ, ಕೂಸಿನ ಬಲಗೈ ಉಬ್ಬಿಧಾಂಗ ಕಾಣತೈತಿ. ಎಡಗೈ ಹಂಗಿಲ್ಲ ನೋಡು."

ಸಿಸ್ಟರ್ ಹೊರಗೆ ಬಂದಾಗ ಹೇಳಿದಳು ಕೂಡ. ಪಾಪ, ಆ ಹುಡುಗಿ ಒಬ್ಬಳೇ ಹನ್ನೊಂದು ಕೂಸು ನೋಡುತ್ತಿದ್ದಳು. "ಪಟ್ಟಿ ಸುತ್ತೇವಲ್ಲ, ಅದಕ್ಕ ಹಂಗ ಕಾಣತೈತ್ರಿ" ಎಂದು ಒಳಗೆ ಓಡಿದಳು. ಮಗಳು ಮತ್ತೆ ಬಾಗಿಲು ಬಡಿಯಲು ಹೋದಳು. ನಾನು ಅವಳ ಕೈ ಹಿಡಿದೆ. "ಸುಮ್ಮನಿರು. ಅವರಿಗೆ ಗೊತ್ತಿರತೈತಿ. ಹತ್ತು ಸಲ ಕೇಳಿದರ ಸಿಟ್ಟಿಗೇಳತಾರ, ಆ ಸಿಟ್ಟು ಕೂಸಿನ ಮ್ಯಾಲೆ ತೀರಿಸ್ಯಾರು" ಎಂದೆ.

ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಮುಂಗೈಯ ಚರ್ಮ ಕಪ್ಪಾಗಿತ್ತು.

ನರದಿಂದ ಜಾರಿದ ಸೂಜಿ ಇಡೀ ರಾತ್ರಿ ಕ್ಯಾಲ್ಸಿಯಮ್ಮನ್ನು ಚರ್ಮದಡಿ ಸುರಿಯುತ್ತ ಇತ್ತು. ಕ್ಯಾಲ್ಸಿಯಂ ಹೀಗೆ ಸೋರಿದರೆ ಸುಟ್ಟ ಹಾಗೆ ಮಾಂಸವನ್ನು ಕೊಲ್ಲುತ್ತದೆ ಎಂಬುದು ವೈದ್ಯರಿಗೆ ಹೊಸ ಮಾತಲ್ಲ. ಉಬ್ಬಿದ್ದು ಕಂಡ ಕೂಡಲೇ ಹನಿ ನಿಲ್ಲಿಸಬೇಕು, ಕೈ ಎತ್ತರಿಸಿ ಇಡಬೇಕು. ಸೋರಿದ್ದನ್ನು ಚದುರಿಸಲು ಮೊದಲ ಕೆಲವು ಗಂಟೆಗಳಲ್ಲಿ ಕೊಡಬಹುದಾದ ಚುಚ್ಚುಮದ್ದೂ ಉಂಟು. ಸೂಜಿ ಚುಚ್ಚಿದ ಜಾಗವನ್ನು ಮುಚ್ಚದೆ, ಒಳಗೆ ಕಾಣುವ ತೆಳು ಪಾರದರ್ಶಕ ಪಟ್ಟಿ ಹಚ್ಚಬೇಕು, ಗಂಟೆಗೊಮ್ಮೆ ನೋಡಬೇಕು, ಎರಡೂ ಕೈ ಹೋಲಿಸಬೇಕು. ನನ್ನ ಮಗಳು ಮಾಡಿದ್ದು ಅದನ್ನೇ. ಯಾರೂ ಕಲಿಸದೆ, ಗಾಜಿನ ಹೊರಗೆ ನಿಂತು, ಎರಡೂ ಕೈ ಹೋಲಿಸಿದಳು. ಹನ್ನೊಂದು ಕೂಸಿನ ನಡುವೆ ಓಡಾಡುವ ಸಿಸ್ಟರಿಗೆ ಕಾಣದ್ದು ಒಂದೇ ಕೂಸಿನ ಮೇಲೆ ಕಣ್ಣಿಟ್ಟ ತಾಯಿಗೆ ಕಂಡಿತು. ಕಂಡದ್ದನ್ನು ಹೇಳಿದಳು. ಹೇಳಿದವಳ ಬಾಯಿ ಮುಚ್ಚಿಸಿದವಳು ನಾನು, ತರಗತಿಯಲ್ಲಿ ದಿನವೂ, "ತಿಳೀಲಿಲ್ಲಂದ್ರ ಎದ್ದು ನಿಂತು ಕೇಳ್ರಿ" ಎಂದು ಪಾಠ ಹೇಳುವ ಟೀಚರು!

ಇನ್ನೊಂದು ಮನೆಯ ಮಾತು ಹೇಳುತ್ತೇನೆ. ಹುಕ್ಕೇರಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಗೆಳತಿಯೊಬ್ಬಳ ಸೊಸೆಗೂ ದಿನ ತುಂಬದೆ ಹೆರಿಗೆಯಾಯಿತು. ಆ ಕೂಸಿಗೆ ಕೈಯ ನರದಿಂದ ಎದೆಯ ತನಕ ಹೋಗುವ ಉದ್ದನೆಯ ನಳಿಗೆ ಹಾಕಿದ್ದರು. ಕೂಸು ಚೇತರಿಸಿಕೊಂಡಿತ್ತು, ಬಾಯಿಯಿಂದ ಹಾಲು ಕುಡಿಯತೊಡಗಿತ್ತು. ಹತ್ತೊಂಬತ್ತನೆಯ ದಿನ ರಕ್ತದಲ್ಲಿ ನಂಜೇರಿ ಹೋಯಿತು. ಕಾಗದದ ಮೇಲೆ ಒಂದೇ ಶಬ್ದ: ಸೆಪ್ಸಿಸ್. ಹಾಲು ಕುಡಿಯುವ ಕೂಸಿಗೆ ಆ ನಳಿಗೆ ಇನ್ನೂ ಬೇಕಿತ್ತೆ? ಎಷ್ಟು ದಿನ ಇತ್ತು? ತೆಗೆಯುವ ಮಾತನ್ನು ಯಾರಾದರೂ ಎತ್ತಿದ್ದರೆ? ಈ ಪ್ರಶ್ನೆ ಆಸ್ಪತ್ರೆಯವರು ಮನೆಯವರ ಮುಂದೆ ಇಡಲಿಲ್ಲ, ಮನೆಯವರು ಕೇಳಲಿಲ್ಲ. ಮನೆಯಲ್ಲಿ ಎದ್ದ ಪ್ರಶ್ನೆಗಳೇ ಬೇರೆ. ಬಾಣಂತಿ ಮೊಸರು ತಿಂದಿದ್ದಳೆ? ಅಮಾವಾಸ್ಯೆಯ ದಿನ ಹೊರಗೆ ಬಂದಿದ್ದಳೆ? ಯಾರ ಕಣ್ಣು ತಾಕಿತು? ಕೂಸು ಕಳೆದುಕೊಂಡ ಆ ಹುಡುಗಿ ಮೇಲಿಂದ ಅಪರಾಧಿಯೂ ಆದಳು. ನಳಿಗೆಯ ಲೆಕ್ಕ ಕೇಳಲು ನಮಗೆ ಬಾಯಿಲ್ಲ; ಸೊಸೆಯ ಲೆಕ್ಕ ಕೇಳಲು ಎಷ್ಟು ಬಾಯಿ ನೋಡಿ!

ಇನ್ನು ಕೆಲವು ಊರುಗಳಲ್ಲಿ ಇದರ ತಲೆಕೆಳಗಾದ ರೀತಿಯೂ ಉಂಟು. ಕೂಸು ಹೋದ ಮೇಲೆ ಹತ್ತು ಜನ ಸೇರಿ ಆಸ್ಪತ್ರೆಯ ಗಾಜು ಒಡೆಯುವುದು, ಡಾಕ್ಟರರ ಕೊರಳ ಪಟ್ಟಿ ಹಿಡಿಯುವುದು. ಹತ್ತು ದಿನ ಮೂಕರಾಗಿ ಕುಳಿತವರೇ ಹನ್ನೊಂದನೆಯ ದಿನ ಕಲ್ಲು ಎತ್ತುವುದು. ಇದೂ ಪ್ರಶ್ನೆಯಲ್ಲ. ಹೊತ್ತಿಗೆ ಸರಿಯಾಗಿ ಒಂದು ಮಾತು ಕೇಳಿದ್ದರೆ ಕಲ್ಲು ಬೇಕಾಗುತ್ತಿರಲಿಲ್ಲ.

"ಇಂಥ ಅಪಾಯ ಹೇಳಿದರೆ ತಾಯಂದಿರು ಗಾಬರಿಯಾಗುತ್ತಾರೆ" ಎನ್ನುವುದು ಆಸ್ಪತ್ರೆಯವರ ವಾದ. ಗಾಬರಿ ತಿಳಿವಳಿಕೆಯಿಂದ ಹುಟ್ಟುವುದಿಲ್ಲ. ಗಾಜಿನ ಹೊರಗೆ ನಿಲ್ಲಿಸಿದರೆ ಹುಟ್ಟುತ್ತದೆ. ಹೃದಯದ ಸುತ್ತ ದ್ರವ ತುಂಬಿ ನಾಲ್ಕು ಶಿಶುಗಳು ಸತ್ತಾಗ ಬ್ರಿಟನ್ನಿನ ಆರೋಗ್ಯ ಇಲಾಖೆ 2001ರಲ್ಲಿ ಪರಿಶೀಲನೆ ನಡೆಸಿ ವರದಿಯನ್ನು ಬಹಿರಂಗವಾಗಿಯೇ ಪ್ರಕಟಿಸಿತು. ಅದರಿಂದ ಆಸ್ಪತ್ರೆಗಳು ಮುಚ್ಚಲಿಲ್ಲ, ನಳಿಗೆ ಹಾಕುವುದೂ ನಿಲ್ಲಲಿಲ್ಲ. ತುದಿ ಎಲ್ಲಿರಬೇಕು ಎಂಬ ಎಚ್ಚರ ಹೆಚ್ಚಿತು. ನಮ್ಮಲ್ಲಿ ಅಂಥ ಸಾವಿಗೆ "ಹಣೇಬರಹ" ಎಂದು ಹೆಸರಿಟ್ಟು ಮಣ್ಣು ಮಾಡುತ್ತೇವೆ. ಹಣೆಬರಹದಿಂದ ಯಾರಿಗೂ ಪಾಠ ಸಿಗುವುದಿಲ್ಲ.

ಇನ್ನೊಂದು ವಾದ: "ಒಳಗೆ ಬಿಟ್ಟರೆ ಮನೆಯವರೇ ನಂಜು ತರುತ್ತಾರೆ." ಇದರಲ್ಲಿ ಅರ್ಧ ಸತ್ಯವಿದೆ, ಒಪ್ಪುತ್ತೇನೆ. ನಾವು ಕೂಸು ನೋಡಲು ಹೋಗುವುದೆಂದರೆ ಜಾತ್ರೆಗೆ ಹೋದ ಹಾಗೆ. ಬಸ್ಸಿನಿಂದ ಇಳಿದ ಕೈಯಲ್ಲೇ ಕೆನ್ನೆ ಮುಟ್ಟಬೇಕು. ಹೊಕ್ಕುಳಿಗೆ ಬೂದಿ, ಅರಿಷಿಣ, ಎಣ್ಣೆ ಹಚ್ಚುವ ಅಜ್ಜಿಯರು ಇನ್ನೂ ಇದ್ದಾರೆ. ನಮ್ಮ ಬೀಗತಿ ಅಂಟಿನುಂಡಿಯ ಡಬ್ಬಿಯ ಜೊತೆ ಕೂಸಿನ ಹೊಕ್ಕುಳಿಗೆಂದು ಎಣ್ಣೆಯ ಸೀಸೆಯನ್ನೂ ತಂದಿದ್ದರು! ಆದರೆ ಇದಕ್ಕೆ ಮದ್ದು ಬಾಗಿಲು ಮುಚ್ಚುವುದಲ್ಲ, ಕೈ ತೊಳೆಯುವುದನ್ನು ಕಲಿಸುವುದು. ಇದು ನನ್ನ ಸ್ವಂತ ಬುದ್ಧಿಯ ಮಾತಲ್ಲ. ಕೇಂದ್ರ ಸರ್ಕಾರವೇ 2017ರಲ್ಲಿ ನವಜಾತ ಶಿಶುಗಳ ಆರೈಕೆಯಲ್ಲಿ ಕುಟುಂಬದವರನ್ನು ಸೇರಿಸಿಕೊಳ್ಳಬೇಕೆಂದು ಮಾರ್ಗಸೂಚಿ ಹೊರಡಿಸಿದೆ. ತಾಯಿಗೆ, ಮನೆಯವರಿಗೆ ಕೈ ತೊಳೆಯುವುದು, ಹಾಲುಣಿಸುವುದು, ಕೂಸನ್ನು ಎದೆಗವಚಿ ಬೆಚ್ಚಗಿಡುವುದು, ಅಪಾಯದ ಗುರುತು ಹಿಡಿಯುವುದು ಎಲ್ಲವನ್ನೂ ಕಲಿಸಿ ಒಳಗೆ ಬಿಡಬೇಕೆಂಬುದೇ ಅದರ ತಿರುಳು. ಸರ್ಕಾರ ತೆರೆದ ಬಾಗಿಲನ್ನು ಮುಚ್ಚಲು ಕಾವಲುಗಾರನಿಗೆ ಅಧಿಕಾರ ಕೊಟ್ಟವರು ಯಾರು?

ನಾನು ಆ ಸಿಸ್ಟರನ್ನು ಬೈಯುವುದಿಲ್ಲ. ಬೈಯಬೇಕಾದ್ದು ಹನ್ನೊಂದು ಕೂಸಿಗೆ ಒಬ್ಬಳನ್ನು ನಿಲ್ಲಿಸಿದವರನ್ನು. ಜಿಲ್ಲಾ ಆಸ್ಪತ್ರೆಗಳಲ್ಲಿರುವ ನವಜಾತ ಶಿಶುಗಳ ವಿಶೇಷ ಘಟಕಗಳಿಗೆ ಸರ್ಕಾರದ ಮಾರ್ಗಸೂಚಿ ಹೇಳುವ ಲೆಕ್ಕ ಪ್ರತಿ ಪಾಳಿಯಲ್ಲಿ ಮೂರು-ನಾಲ್ಕು ಕೂಸಿಗೆ ಒಬ್ಬ ನರ್ಸ್. ಸರ್ಕಾರಿ ಇರಲಿ, ಖಾಸಗಿ ಇರಲಿ, ಕೂಸಿನ ಮೈ ಒಂದೇ ಅಲ್ಲವೆ? ಗಂಟೆಗೊಮ್ಮೆ ಕೈ ನೋಡಬೇಕೆಂದು ಪುಸ್ತಕದಲ್ಲಿ ಬರೆದು, ನೋಡುವ ಕಣ್ಣುಗಳನ್ನು ಕಡಿಮೆ ಮಾಡಿದರೆ ಆ ಪುಸ್ತಕ ಯಾತಕ್ಕೆ? ಗಾಜಿನ ಪೆಟ್ಟಿಗೆ, ಯಂತ್ರ, ದೀಪಗಳನ್ನು ಉದ್ಘಾಟಿಸಲು ದೊಡ್ಡವರು ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ರಾತ್ರಿ ಪಾಳಿಗೆ ಇನ್ನಿಬ್ಬರು ನರ್ಸುಗಳನ್ನು ಕೊಟ್ಟೆವೆಂದು ಯಾರಾದರೂ ರಿಬ್ಬನ್ ಕತ್ತರಿಸಿದ್ದನ್ನು ನೋಡಿದ್ದೀರಾ?

ನರ್ಸುಗಳ ಮಾತಿಗೆ ಬೆಲೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನ ಕೊಡುತ್ತೇನೆ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ನಳಿಗೆ ಹಾಕುವಾಗ ಐದೇ ನಿಯಮ ಪಾಲಿಸಿದರು. ಕೈ ತೊಳೆಯುವುದು ಮೊದಲನೆಯದು; ಬೇಡವಾದ ನಳಿಗೆಯನ್ನು ತೆಗೆದುಬಿಡುವುದು ಕೊನೆಯದು. ನಿಯಮ ತಪ್ಪಿದ ಡಾಕ್ಟರನ್ನು ತಡೆದು ನಿಲ್ಲಿಸುವ ಅಧಿಕಾರವನ್ನು ನರ್ಸಿಗೆ ಕೊಟ್ಟರು. 2006ರಲ್ಲಿ ಪ್ರಕಟವಾದ ವರದಿಯ ಪ್ರಕಾರ ರಕ್ತದ ನಂಜು ಮೂರರಲ್ಲಿ ಎರಡು ಪಾಲಿನಷ್ಟು ಇಳಿಯಿತು. ಅದು ದೊಡ್ಡವರ ಘಟಕಗಳ ಮಾತು ನಿಜ, ಆದರೆ ಕ್ರಿಮಿ ವಯಸ್ಸು ಕೇಳಿ ಬರುವುದಿಲ್ಲ.

ಎರಡನೆಯದು ನಮ್ಮ ಬೆಳಗಾವಿ ಜಿಲ್ಲೆಯದೇ. 2002ರಿಂದ 2005ರವರೆಗೆ ಇಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಒಂದು ಅಧ್ಯಯನ ನಡೆಸಿದರು. ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯುವ ಮಾತ್ರೆ ಕೊಟ್ಟವರು ಊರೂರಿನ ಸಹಾಯಕ ನರ್ಸುಗಳು. ಮಾತ್ರೆ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಸಿಕ್ಕವರಲ್ಲಿ 6.4 ಮಂದಿಗೆ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. ಜಗತ್ತಿಗೇ ಪಾಠ ಹೇಳಬಲ್ಲ ಹೆಣ್ಣುಮಕ್ಕಳು ನಮ್ಮ ಹಳ್ಳಿಗಳಲ್ಲೇ ಇದ್ದಾರೆ. ಅವರನ್ನು ಸಾಕಷ್ಟು ಸಂಖ್ಯೆಯಲ್ಲಿ ನೇಮಿಸಿ, ಅವರ ಮಾತು ಕೇಳುವುದೊಂದು ಬಾಕಿ.

ಕಾನೂನೂ ನಮ್ಮ ಕಡೆಗಿದೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬರಿಯ ಸಹಿ ಒಪ್ಪಿಗೆಯಲ್ಲ ಎಂದು ಸ್ಪಷ್ಟಪಡಿಸಿತು. ಮಾಡುವುದೇನು, ಯಾಕೆ, ಬೇರೆ ದಾರಿ ಏನಿದೆ, ಅಪಾಯವೇನು ಎಂಬುದನ್ನು ತಿಳಿಸಿ ಪಡೆದದ್ದೇ ಒಪ್ಪಿಗೆ. ಜೀವಕ್ಕೇ ಬಂದ ತುರ್ತಿನಲ್ಲಿ ಮೊದಲು ಚಿಕಿತ್ಸೆ ಮಾಡಲಿ, ಮಾತು ಆಮೇಲಿರಲಿ. ಆದರೆ ಆಮೇಲಾದರೂ ಇರಬೇಕಲ್ಲ. 1996ರಲ್ಲಿ ಚೆನ್ನೈಯ ಸರ್ಕಾರಿ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸೊಂದರ ಕಣ್ಣು ಪರೀಕ್ಷಿಸಬೇಕೆಂದು ತಂದೆತಾಯಿಗೆ ಯಾರೂ ಹೇಳಲಿಲ್ಲ; ಕೂಸು ಕುರುಡಾಯಿತು. 2015ರಲ್ಲಿ ಸುಪ್ರೀಂ ಕೋರ್ಟು ಕೋಟಿಗೂ ಮೀರಿದ ಪರಿಹಾರ ಕೊಡಿಸಿತು. ಹೇಳದೆ ಇದ್ದದ್ದೂ ತಪ್ಪೇ ಎಂದಾಯಿತಲ್ಲ! ಇನ್ನು ಆಸ್ಪತ್ರೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯರ ನಡವಳಿಕೆಯ ನಿಯಮವೇ ಹೇಳುತ್ತದೆ.

ತಾಯಂದಿರೆ, ಅಜ್ಜಿಯಾಗಲಿರುವವರೆ, ನಿಮ್ಮ ಮನೆಯ ಕೂಸು ಗಾಜಿನ ಪೆಟ್ಟಿಗೆಯಲ್ಲಿದ್ದರೆ ದಿನವೂ ಐದು ಪ್ರಶ್ನೆ ಕೇಳಿರಿ. ಒಂದು, ಯಾವ ನಳಿಗೆ ಹಾಕಿದ್ದೀರಿ, ಯಾಕೆ? ಎರಡು, ತುದಿ ಸರಿಯಾದ ಜಾಗದಲ್ಲಿದೆಯೆಂದು ಎಕ್ಸ್‌ರೇಯಲ್ಲಿ ನೋಡಿದ್ದೀರಾ? ಇದು ಹೊಕ್ಕುಳಿನಿಂದ ಅಥವಾ ಕೈಯಿಂದ ಎದೆಯ ತನಕ ಹೋಗುವ ನಳಿಗೆಗೆ ಕೇಳುವ ಪ್ರಶ್ನೆ; ಮುಂಗೈಯ ಸೂಜಿಗೆ ಎಕ್ಸ್‌ರೇ ಬೇಕಿಲ್ಲ. ಮೂರು, ಇವತ್ತಿಗೆ ಎಷ್ಟು ದಿನವಾಯಿತು, ಇನ್ನೂ ಬೇಕೆ? ನಾಲ್ಕು, ಸೂಜಿಯ ಜಾಗವೂ ಬೆರಳ ತುದಿಗಳೂ ಕಾಣುವ ಹಾಗೆ ಪಟ್ಟಿ ಹಾಕಿದ್ದೀರಾ? ಐದು, ನಾವು ಕೈ ತೊಳೆದುಕೊಂಡು ಒಳಗೆ ಬರಬಹುದೆ? ಇದರಲ್ಲಿ ಒಂದೂ ಜಗಳದ ಮಾತಲ್ಲ. ಎರಡು ಕೈ ಮುಗಿದೇ ಕೇಳಬಹುದು. ಒಳ್ಳೆಯ ಡಾಕ್ಟರರು ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಮತ್ತೊಮ್ಮೆ ಕೇಳಿರಿ. ಊದಿದ್ದು, ಕೆಂಪಾದದ್ದು, ಬಿಳುಪೇರಿದ್ದು, ನೀಲಿಯಾದದ್ದು ಕಂಡರೆ ಮಾತ್ರ ಬೆಳಗಾಗುವ ತನಕ ಕಾಯಬೇಡಿ. ಬಾಗಿಲು ಬಡಿಯಿರಿ.

ಮೊನ್ನೆ ಮೊಮ್ಮಗಳು ಎಡಗೈಯಲ್ಲಿ ತನ್ನ ಹೆಸರು ಬರೆದು ತಂದು ತೋರಿಸಿದಳು. ಅಕ್ಷರ ಗುಂಡಗಿದ್ದವು. ಆಮೇಲೆ ಬಲಗೈ ಮುಂದೆ ಚಾಚಿ, "ಆಯಿ, ಇದು ಹ್ಯಾಂಗ ಆತು?" ಎಂದು ಕೇಳಿದಳು.

ಅವಳಮ್ಮ ನನ್ನ ಮುಖ ನೋಡಿದಳು. "ಅವತ್ತ ನಿಮ್ಮವ್ವ ಬಾಗಿಲಾ ಬಡೀತೀನಿ ಅಂದ್ಲು. ನಾ ಸುಮ್ಮನಿರು ಅಂದ್ಯವ್ವಾ" ಎಂದೆ. ಕೂಸಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. "ಯಾಕ ಅಂದಿ?" ಎಂದು ಮತ್ತೆ ಕೇಳಿದಳು.

ಕೇಳಲಿ. ಈ ಮನೆಯಲ್ಲಿ ಇನ್ನು ಮೇಲೆ ಯಾರೂ ಅವಳಿಗೆ ಸುಮ್ಮನಿರು ಎನ್ನುವುದಿಲ್ಲ.